ಝರಿಯ ದರ್ಶನ: ಅರ್ಥವೋ, ಅನರ್ಥವೋ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದೆ ಜೀವಗಳಿಗೆ ಬಾಧೆಯುಂಟುಮಾಡುವುದನ್ನು ಬಿಡಬೇಕೆಂಬುದೇ ಅದರ ತಿರುಳು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿ ಕಡಿಯುವುದು ಇವುಗಳೊಡನೆ ಸುಮ್ಮನೆ ತಿರುಗಾಡುವುದನ್ನೂ, ಇತರರನ್ನು ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ಹಾಗಾದರೆ ರಜೆಯ ದಿನ ಮೊಮ್ಮಕ್ಕಳನ್ನು ಕರೆದುಕೊಂಡು ಕುರುಚಲು ಕಾಡಿನ ಗುಡ್ಡವನ್ನೇರಿ, ಸಣ್ಣದೊಂದು ಝರಿಯನ್ನು ನೋಡಿ ಬರುವುದು ಎಂಥ ಕ್ರಿಯೆ? ಅದು ನಿರ್ದೋಷವಾದ ಆನಂದವೋ, ಪ್ರಮಾದವೋ?

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇದು ಮಳೆ ಕಡಿಮೆಯಾದ ಎರೆಯ ನಾಡು. ನರೇಗಲ್ಲಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಬಿಟ್ಟಿದ್ದರು. ಅನ್ನದಾನದ ಹಿಂದೆ ನೀರು ಇರಬೇಕೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ನಡೆದ ರೈತ ಹೋರಾಟದಲ್ಲಿ ನರಗುಂದ, ನವಲಗುಂದಗಳಲ್ಲಿ ಪ್ರಾಣಗಳೇ ಹೋದವು. ಇಂಥ ಸೀಮೆಯಲ್ಲಿ, ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರದ ಗುಡ್ಡದಲ್ಲಿ ಅಂತರಗಂಗೆ ಮರದ ಬೇರುಗಳ ನಡುವಿನಿಂದ ಹೊಂಡಕ್ಕೆ ಬೀಳುತ್ತದೆ. ಅದು ಜೋಗದಂತೆ ಗರ್ಜಿಸುವುದಿಲ್ಲ. ಆದರೆ ಬೇಸಿಗೆಯಲ್ಲಿಯೂ ಬತ್ತದು ಎಂಬುದೇ ಅದರ ಹಿರಿಮೆ.

ಆಕ್ಷೇಪದ ಪಕ್ಷವನ್ನು ಮೊದಲು ನೋಡೋಣ. ಜೈನ ದೃಷ್ಟಿಯಲ್ಲಿ ನೀರು ಜೀವಗಳ ಆಶ್ರಯ ಮಾತ್ರವಲ್ಲ, ಅಪ್ಕಾಯಿಕ ಜೀವಗಳ ಶರೀರವೇ ಆಗಿದೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿಸುವ ನಮ್ಮ ಪದ್ಧತಿ ಈ ತಿಳಿವಿನಿಂದ ಬಂದದ್ದು. ಮೇಲಾಗಿ ಜಲಪಾತಗಳು ತುಂಬಿ ಹರಿಯುವುದು ಮಳೆಗಾಲದಲ್ಲಿ. ನೆಲದ ಮೇಲೆ ಹುಳುಹುಪ್ಪಟೆ, ಹಸಿರು ಮೊಳಕೆಗಳು ತುಂಬಿರುತ್ತವೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ಒಂದೆಡೆ ನೆಲೆಸುವುದೂ ಆಗಲೇ! ಗುರುಗಳು ಹೆಜ್ಜೆ ಹಿಡಿದ ಕಾಲದಲ್ಲಿ ಶಿಷ್ಯರು ವಿಹಾರಕ್ಕೆ ಹೊರಡುವುದು ಯೋಚಿಸಬೇಕಾದ ಸಂಗತಿ.

ಹಾಗೆಂದು ಮನೆಯಲ್ಲಿ ಕುಳಿತವನು ಅಹಿಂಸಕನೆಂದು ಹೇಳಲಾಗದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ನಲ್ಲಿಯನ್ನು ತೆರೆದಿಟ್ಟು ಮಾತಿಗೆ ಕುಳಿತವನಲ್ಲಿ ಆ ಪ್ರಮಾದ ಇದ್ದೇ ಇದೆ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ತಿಂಗಳುಗಟ್ಟಲೆ ನಿಧಾನವಾಗಿ ಒಸರಿ ಹೊರಬರುವುದನ್ನು ಕಣ್ಣಾರೆ ಕಂಡ ಬಾಲಕ ಒಂದು ತಂಬಿಗೆ ನೀರಿನ ಬೆಲೆಯನ್ನು ಅರಿಯಬಲ್ಲ. ಈ ಅರಿವೂ ಒಂದು ಪ್ರಯೋಜನವೇ.

ಆದರೆ ಇಲ್ಲಿ ಎಚ್ಚರ ಬೇಕು. ಖರ್ಚು ಮಾಡಿದ ಮೇಲೆ ಕಾರಣ ಹುಡುಕಿ ವೋಚರ್ ಬರೆಯುವ ಚಾಳಿ ಅಂಗಡಿಯಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿಯೂ ಉಂಟು. ಮೋಜಿಗೆ ಹೋಗಿ ಬಂದು ಜ್ಞಾನಾರ್ಜನೆಗೆ ಹೋಗಿದ್ದೆವೆನ್ನುವುದು ಸುಲಭ. ಇದಕ್ಕೆ ಒಂದು ಪರೀಕ್ಷೆ ಇದೆ. ನೋಡುವುದಷ್ಟೇ ಸಾಕೆನಿಸಿ ಮರಳಲು ಸಾಧ್ಯವೇ? ಝರಿಗೆ ತಲೆಯೊಡ್ಡದೆ, ಸಾಬೂನು ತಾಗಿಸದೆ, ಎಲೆ ಕೀಳದೆ, ಕೂಗಾಡದೆ, ಕಾಗದ-ಪ್ಲಾಸ್ಟಿಕ್ ಬಿಡದೆ ಬರಬಲ್ಲೆವಾದರೆ ಆ ನಡೆಗೆ ಅರ್ಥವುಂಟು. ನೋಟ ಸಾಲದು, ಅನುಭೋಗವೂ ಬೇಕೆನಿಸಿದರೆ ಅದನ್ನು ಭೋಗದ ಖಾತೆಗೇ ಬರೆದು, ಭೋಗೋಪಭೋಗ ಪರಿಮಾಣವ್ರತದ ಮಿತಿಯೊಳಗೆ ಎಣಿಸಬೇಕು. ಭೋಗವನ್ನು ಧರ್ಮದ ಖಾತೆಗೆ ಜಮಾ ಮಾಡಿದ ಲೆಕ್ಕ ಎಂದಿಗೂ ತಾಳೆಯಾಗದು.

ಬತ್ತದ ಝರಿಯಿರುವ ನಮಗೆ ಒಂದು ಅನುಕೂಲವಿದೆ. ಮಳೆಯ ಆತುರವಿಲ್ಲದೆ ಕಾರ್ತಿಕ ಕಳೆದ ಮೇಲೆ ಹೋಗಬಹುದು. ಸೂರ್ಯನ ಬೆಳಕಿನಲ್ಲಿ, ಇರುವ ಕಾಲುದಾರಿಯಲ್ಲೇ, ಮುಂದಿನ ನೆಲವನ್ನು ನೋಡುತ್ತ, ಕೆಲವೇ ಜನ ನಡೆಯೋಣ. ಆ ಸ್ಥಳಕ್ಕೆ ನಡೆದುಕೊಳ್ಳುವ ಭಕ್ತರಿದ್ದಾರೆ, ಆ ನೀರನ್ನು ನಂಬಿದ ಹಕ್ಕಿ-ಮಂಗಗಳಿವೆ. ಅವರೆಲ್ಲರ ಪಾಲಿನಿಂದ ಏನನ್ನೂ ತೆಗೆಯದೆ ನೋಡಿ ಬರುವುದನ್ನು ಮಕ್ಕಳಿಗೆ ಕಲಿಸಿದರೆ, ಅಪರಿಗ್ರಹದ ಮೊದಲ ಪಾಠ ಅವರಿಗೆ ಅಲ್ಲಿಯೇ ದೊರೆಯುವುದು.