ಮಾಳಿಗೆಯ ಅಡ್ಡಗೋಡೆ

ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಅಡ್ಡಗೋಡೆಯನ್ನು ಎತ್ತಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಬೀಳುವವನ ಅಜಾಗ್ರತೆಗೆ ಮನೆಯವನು ಹೊಣೆ! ಮಕ್ಕಳನ್ನು ಸಿನೆಮಾಕ್ಕೆ ಕರೆದೊಯ್ಯುವ ತಂದೆತಾಯಿಗಳಿಗೂ ಇದೇ ನ್ಯಾಯವೆಂದು ನಮಗೆ ತೋರುತ್ತದೆ.

2022ರಲ್ಲಿ ಬಂದ ಕೆ.ಜಿ.ಎಫ್. ಚಿತ್ರದ ಎರಡನೆಯ ಭಾಗಕ್ಕೆ ‘ಯು/ಎ’ ಎಂಬ ಗುರುತು ದೊರೆಯಿತು. 12 ವರುಷದೊಳಗಿನವರು ನೋಡಬಾರದೆಂದು ಆಗ ಅದರ ಅರ್ಥವಲ್ಲ, ಹೆತ್ತವರು ವಿವೇಚಿಸಬೇಕೆಂಬುದೇ. ಅದನ್ನು ಅಪ್ಪಣೆಯೆಂದು ಎಣಿಸಿ ಎಳೆಯರನ್ನು ಎತ್ತಿಕೊಂಡು ಹೋಗುವವರುಂಟು. 2024ರ ನವೆಂಬರಿನಲ್ಲಿ ಆ ಗುರುತನ್ನು 7, 13, 16 ಎಂದು ವಯಸ್ಸಿನ ಮೇರೆಗೆ ಮೂರಾಗಿ ವಿಂಗಡಿಸಿದರು. ಆದರೂ ನಿರ್ಣಯದ ಭಾರವು ನಮ್ಮ ಹೆಗಲಿನ ಮೇಲೆಯೇ ಇದೆ.

ಪೆಟ್ಟುಗಳನ್ನು ಎಣಿಸುವದರಿಂದ ಪ್ರಯೋಜನವಿಲ್ಲ. ದಾವೀದನು ಗೊಲ್ಯಾತನ ತಲೆ ಕಡಿದ ಕಥೆಯನ್ನು ಆದಿತ್ಯವಾರದ ಶಾಲೆಯಲ್ಲಿ ನಾವೇ ಹೇಳುತ್ತೇವಲ್ಲಾ! ಹೊಡೆದವನಿಗೆ ದೊರೆತದ್ದೇನು, ಪೆಟ್ಟು ತಿಂದವನ ನೋವನ್ನು ಯಾರಾದರೂ ಕಂಡರೋ ಎಂಬದನ್ನೇ ನೋಡತಕ್ಕದ್ದು. ಈ ಚಿತ್ರದಲ್ಲಿ ನಾಯಕನು ಪೊಲೀಸ್ ಠಾಣೆಯ ಮೇಲೆ ದೊಡ್ಡ ಬಂದೂಕಿನಿಂದ ಗುಂಡಿನ ಮಳೆಗರೆದು, ಕೆಂಪಗೆ ಕಾದ ಅದರ ನಳಿಗೆಯಿಂದಲೇ ಸಿಗರೇಟು ಹೊತ್ತಿಸುತ್ತಾನೆ. ಬೆಳೆದವನು ಇದನ್ನು ಕಥೆಯೆಂದು ಬಲ್ಲನು, ಆ ನಾಯಕನ ಅಂತ್ಯವನ್ನೂ ತೂಗಿ ನೋಡುವನು. ಐದು ವರುಷದ ಕೂಸಿನಲ್ಲಿ ಉಳಿಯುವದು ಆ ಬೆಂಕಿಯೂ ಸುತ್ತಲಿನವರ ಚಪ್ಪಾಳೆಯೂ ಮಾತ್ರ.

ಆದಕಾರಣ, ಹೆತ್ತವರೇ, ಮೊದಲು ನೀವೇ ನೋಡಿರಿ. “ಸತ್ತವನ ಅಮ್ಮ ಎಲ್ಲಿ?” ಎಂದು ಕೇಳುವ ಪ್ರಾಯಕ್ಕೆ ನಿಮ್ಮ ಮಗು ಬಂದಿದೆಯೋ ವಿಚಾರಿಸಿರಿ. ಬಾರದಿದ್ದರೆ ಒಬ್ಬರು ಅದರ ಸಂಗಡ ಮನೆಯಲ್ಲಿ ಉಳಿಯಿರಿ. ನಾವೂ ಒಂದು ಸಾಯಂಕಾಲ ಹಾಗೆ ಉಳಿದು ನೆರೆಯವರ ಗೇಲಿಯನ್ನು ಸಹಿಸಿದೆವು.