ಸಂಶೋಧನಾ ನೆರವು ಯಾರಿಗೆ ಸಲ್ಲಬೇಕು?

ಸಂಶೋಧನೆಯ ಹಣ ಸಾಧಿಸಿ ತೋರಿಸಿದವರಿಗೆ ಸಲ್ಲಬೇಕೋ, ಅವಕಾಶವೇ ಸಿಗದವರಿಗೋ ಎಂಬುದು ಹಂಚಿಕೆಯ ನ್ಯಾಯದ ಪ್ರಶ್ನೆ. ಅಮೆರಿಕದ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ ಇದು ನೇರವಾಗಿ ಎದುರಾಗುತ್ತದೆ. ಅಲ್ಲಿ ಬೋಧನೆಗೇ ಆದ್ಯತೆ. ಅನೇಕ ವಿದ್ಯಾರ್ಥಿಗಳು ದುಡಿಯುತ್ತಲೇ ಓದುವವರು.

ಅರಿಸ್ಟಾಟಲ್ ಪ್ರಕಾರ ಪಾಲು ಅರ್ಹತೆಗೆ ತಕ್ಕಂತಿರಬೇಕು. ಆದರೆ ಹಿಂದಿನ ಅನುಭವವನ್ನೇ ಅರ್ಹತೆಯೆಂದು ಎಣಿಸಿದರೆ, ಅನುಭವ ಪಡೆಯಲು ಬಂದವರೇ ಹೊರಗುಳಿಯುತ್ತಾರೆ. ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟಿಸ್’ ಕೃತಿಯಲ್ಲಿ, ಸಮಾನ ಪ್ರತಿಭೆ ಮತ್ತು ಉತ್ಸಾಹ ಉಳ್ಳವರಿಗೆ ಹುಟ್ಟಿನ ಸ್ಥಿತಿ ಅಡ್ಡಿಯಾಗಬಾರದೆಂದು ವಾದಿಸಿದರು.

ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಇಯು ಯೋಜನೆ ಅರ್ಹತೆ, ಅವಕಾಶ ಎರಡನ್ನೂ ಹೊಂದಿಸುತ್ತದೆ. ಆಯ್ಕೆ ಅರ್ಜಿಯ ಮೂಲಕವೇ. ಆದರೆ ಸಂಶೋಧನಾ ಸೌಲಭ್ಯ ಕಡಿಮೆಯಿರುವ ಕಾಲೇಜುಗಳವರನ್ನೂ ಸೇರಿಸಿಕೊಳ್ಳಬೇಕೆಂಬ ಆಶಯವಿದೆ. ಆಯ್ಕೆಯಾದವರಿಗೆ ಭತ್ಯೆ ಸಿಗುತ್ತದೆ. ಹಲವೆಡೆ ವಸತಿ, ಪ್ರಯಾಣದ ನೆರವೂ ಉಂಟು. ಬೇಸಿಗೆಯ ಸಂಬಳ ಬಿಟ್ಟು ಪ್ರಯೋಗಾಲಯಕ್ಕೆ ಬರುವ ವಿದ್ಯಾರ್ಥಿಗೆ ಆ ಭತ್ಯೆಯಿಲ್ಲದೆ ಸಮಾನ ಅವಕಾಶ ಕಾಗದದಲ್ಲಷ್ಟೇ ಉಳಿಯುತ್ತದೆ.