ಏಣಿಯ ಬುಡದಲ್ಲಿ

ನಂದೇಶ್ವರದಂಥ ಸೊಲ್ಲಾಪುರ ಸೀಮೆಯ ಬಯಲಿನಲ್ಲಿ ಬೆಳೆದ ನಮಗೆ ಬೆಟ್ಟವೆಂಬುದು ಪಾಠದ ವಿಷಯವಾಗಿತ್ತೇ ಹೊರತು ಕಾಲಿನ ಅನುಭವವಾಗಿರಲಿಲ್ಲ. ನಿವೃತ್ತಿಯ ತರುವಾಯ ನಾವು ನಾಲ್ವರು ಗೆಳೆಯರು ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯನ್ನು ಏರಹೊರಟೆವು. ಎತ್ತರ 1646 ಮೀಟರ್. ಬಾರಿ ಗ್ರಾಮದಿಂದ ಕಾಲುದಾರಿ. ಕಡಿದಾದೆಡೆ ಕಬ್ಬಿಣದ ಏಣಿಗಳು. ಮೊದಲ ಏಣಿಯ ಬುಡದಲ್ಲಿಯೇ ಗೆಳೆಯರೊಬ್ಬರು ಏದುಸಿರು ಬಿಡುತ್ತ ಕುಳಿತುಬಿಟ್ಟರು. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಎಂದರು.

ಆ ಮಾತು ನಿಜವಾಗಿಯೂ ಒಪ್ಪಿಗೆಯೇ, ಅಥವಾ ಬರಿಯ ಸೌಜನ್ಯವೇ? ನಮ್ಮ ಆಸೆಗಂತೂ ಅದು ಅಪ್ಪಣೆಯಂತೆ ಕೇಳಿಸಿತು. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದಾಗ ಧರ್ಮರಾಯ ಹಿಂದಿರುಗಿ ನೋಡಲಿಲ್ಲ. ಅದೇ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ. ತರಗತಿಯಲ್ಲಿ ಇವೆರಡನ್ನೂ ಸಮನಾಗಿ ಮೆಚ್ಚಿ ಬೋಧಿಸಿದ್ದ ನಮಗೆ, ಇವು ಒಂದಕ್ಕೊಂದು ಒಗ್ಗುವುದಿಲ್ಲವೆಂದು ಹೊಳೆದದ್ದು ಆ ಏಣಿಯ ಬುಡದಲ್ಲಿ.

ಆದರೂ ನಾವು ಏರಿದೆವು. ತುದಿಯ ದೇವಿಗುಡಿಯ ಮುಂದೆ ನಿಂತು ಸಹ್ಯಾದ್ರಿಯ ಸಾಲುಗಳನ್ನು ಕಂಡೆವು. ಆನಂದವೂ ಆಯಿತು, ಸುಳ್ಳೇಕೆ? ಇಳಿದು ಬಂದಾಗ ಆ ಗೆಳೆಯರು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಬಿಚ್ಚದೆ ನಮಗಾಗಿ ಕಾದಿದ್ದರು. ನಾಲ್ವರೂ ಕೂಡಿ ಉಂಡೆವು. ಅವರಾಗಿಯೇ ಕೇಳುವವರೆಗೆ, ಮೇಲೆ ಕಂಡದ್ದನ್ನು ಹೇಳಲು ನಮಗಾರಿಗೂ ಬಾಯಿ ಬರಲಿಲ್ಲ.